ಕೂತಲ್ಲೇ ಮುನ್ನೂರು ಕಿಲೋಮೀಟರ್ ವೇಗ

ಕಾರು ರೇಸಿನ ವಿಡಿಯೊ ಗೇಮನ್ನು ಗೇಮ್ ಎಂದು ಕರೆದು ನೋಡಿ, ಆಡುವವರ ಮುಖ ಗಂಟಿಕ್ಕುತ್ತದೆ. ಅದು ‘ಸಿಮ್ ರೇಸಿಂಗ್’. ಕೀಬೋರ್ಡ್ ಒತ್ತುವವರಿಗೆ ಆ ಪಂಕ್ತಿಯಲ್ಲಿ ಎಲೆ ಹಾಕುವುದಿಲ್ಲ. ಹಿಡಿತ ತಪ್ಪಿದರೆ ಹೆಬ್ಬೆರಳು ಉಳುಕಿಸುವಷ್ಟು ಬಿಗಿಯಾದ ಸ್ಟೀರಿಂಗ್ ಬೇಕು, ತುಳಿದ ಬಲವನ್ನು ಅಳೆಯುವ ಬ್ರೇಕ್ ಬೇಕು, ರೇಸ್ ಕಾರಿನ ಸೀಟು ಬೇಕು. ಇಷ್ಟನ್ನೂ ಜೋಡಿಸುವ ಹೊತ್ತಿಗೆ ಒಂದು ಸೆಕೆಂಡ್‌ಹ್ಯಾಂಡ್ ಕಾರಿನ ದುಡ್ಡು ಕರಗಿರುತ್ತದೆ. ಮನೆಯಿಂದ ಒಂದಡಿ ಆಚೆ ಹೋಗಿರುವುದಿಲ್ಲ.

ಇಂಥ ರೇಸುಗಳನ್ನು ಆನ್‌ಲೈನಿನಲ್ಲಿ ಆಡಿಸುವ ಅಮೆರಿಕದ ಐರೇಸಿಂಗ್ ಶುರುವಾದದ್ದು 2008ರಲ್ಲಿ. ಚಂದಾ ಕಟ್ಟಬೇಕು, ಕಾರಿಗೆ ಬೇರೆ ದುಡ್ಡು, ಟ್ರ್ಯಾಕಿಗೆ ಬೇರೆ ದುಡ್ಡು. ಹಿಂದಿನಿಂದ ಯಾವನೋ ಬಂದು ಜೋರಾಗಿ ಗುದ್ದಿದರೆ ಗುದ್ದಿದವನಿಗೂ ನಾಲ್ಕು ಅಂಕದ ದಂಡ, ಗುದ್ದಿಸಿಕೊಂಡವನಿಗೂ ನಾಲ್ಕು. ತಪ್ಪು ಯಾರದೆಂದು ಕಂಪ್ಯೂಟರ್ ವಿಚಾರಿಸುವುದಿಲ್ಲ. ಅನ್ಯಾಯ ಎನಿಸಿದರೆ ವಿಡಿಯೊ ಸಮೇತ ದೂರು ಕೊಟ್ಟು ತೀರ್ಪಿಗೆ ಕಾಯಬಹುದು. ಮನರಂಜನೆಗೆಂದು ಬಂದವನಿಗೆ ಕೋರ್ಟು ಕಚೇರಿ ಅಲೆದಾಟದ ಸುಖವೂ ಸಿಕ್ಕಂತಾಯಿತು.

2020ರ ಲಾಕ್‌ಡೌನಿನಲ್ಲಿ ನಿಜವಾದ ರೇಸುಗಳು ನಿಂತು, ನಿಜವಾದ ಚಾಲಕರೂ ಸಿಮ್ ರೇಸಿಂಗಿಗೇ ಬಂದರು. ಅಸಲಿ ತಮಾಷೆ ಶುರುವಾದದ್ದು ಆಗ. ಏಪ್ರಿಲ್ 5ರಂದು, ಅಮೆರಿಕದ ಕಾರ್ ರೇಸ್ ಸಂಸ್ಥೆ ನ್ಯಾಸ್ಕಾರ್ ಏರ್ಪಡಿಸಿದ್ದ ಕಂಪ್ಯೂಟರ್ ರೇಸಿನಲ್ಲಿ ಡಿಕ್ಕಿಯಾಗಿ, ಚಾಲಕ ಬಬ್ಬಾ ವಾಲೇಸ್ ಸಿಟ್ಟಾಗಿ ಆಟ ಬಿಟ್ಟು ಎದ್ದು ಹೋದರು. ಇದಕ್ಕೇ ಪ್ರಾಯೋಜಕ ಕಂಪನಿ ಬ್ಲೂ-ಎಮು ಅವರ ಕೈಬಿಟ್ಟಿತು. ಬ್ಲೂ-ಎಮು ತಯಾರಿಸುವುದು ಮೈಕೈ ನೋವಿನ ಮುಲಾಮು. ಇಷ್ಟು ಸಣ್ಣ ನೋವು ಅದಕ್ಕೇ ತಡೆಯಲಾಗಲಿಲ್ಲ.

ಮರುತಿಂಗಳು ಜರ್ಮನಿಯ ಡೇನಿಯಲ್ ಆಬ್ಟ್ ಸರದಿ. ಆಗ ಆಡಿ ತಂಡದ ಪರ ಫಾರ್ಮುಲಾ ಇ ರೇಸು ಓಡಿಸುತ್ತಿದ್ದ ಚಾಲಕ. ಎಲ್ಲರೂ ಮನೆಯಲ್ಲೇ ಕೂತು ಓಡಿಸಿದ ಬರ್ಲಿನ್ ರೇಸಿನಲ್ಲಿ ಆಬ್ಟ್ ಹೆಸರಿಗೆ ಮೂರನೇ ಸ್ಥಾನ ಬಂತು. ಜೂಮ್ ಪರದೆಯಲ್ಲಿ ಮಾತ್ರ ಅವರ ಮುಖ ಸಲಕರಣೆಗಳ ಹಿಂದೆ ಅಡಗಿತ್ತು. ಸಹಸ್ಪರ್ಧಿ ಸ್ಟೊಫೆಲ್ ವಾಂಡೂರ್ನ್‌ಗೆ ಗುಮಾನಿ ಬಂದು ಫೋನ್ ಮಾಡಿದರೆ ಎತ್ತುವವರಿಲ್ಲ. ಕೊನೆಗೆ ಗೊತ್ತಾಯಿತು, ಅಲ್ಲಿ ಕೂತು ಓಡಿಸಿದ್ದು 18 ವರ್ಷದ ಆಸ್ಟ್ರಿಯಾದ ಗೇಮರ್ ಹುಡುಗ. ಕಾಲೇಜಿನಲ್ಲಿ ಗೆಳೆಯನ ಕೈಲಿ ‘ಪ್ರೆಸೆಂಟ್ ಸಾರ್’ ಅನ್ನಿಸುತ್ತಿದ್ದೆವಲ್ಲ, ಅದೇ ಪ್ರಾಕ್ಸಿ. ಆದರೆ ಹಾಜರಿ ಹಾಕಲು ಬಂದ ಗೆಳೆಯ ಯೂನಿವರ್ಸಿಟಿಗೇ ಮೂರನೇ ರ‍್ಯಾಂಕ್ ತೆಗೆದುಬಿಟ್ಟರೆ ಬಚ್ಚಿಡುವುದು ಹೇಗೆ?

ಅಭಿಮಾನಿಗಳನ್ನು ನಗಿಸೋಣ ಅಂತ ಮಾಡಿದ್ದು ಎಂದರು ಆಬ್ಟ್. ಯಾರೂ ನಗಲಿಲ್ಲ. ಹತ್ತು ಸಾವಿರ ಯೂರೊ ದಾನ ಮಾಡಬೇಕೆಂಬ ಶಿಕ್ಷೆಯಾಯಿತು. ಅದರ ಮೇಲೆ ಆಡಿ ಅವರನ್ನು ನಿಜವಾದ ಕಾರಿನಿಂದಲೇ ಕೆಳಗಿಳಿಸಿತು. ಓಡದ ಕಾರಿನಲ್ಲಿ ಕೂರದೆ ಇದ್ದದ್ದಕ್ಕೆ ಓಡುವ ಕಾರು ಹೋಯಿತು. ಇದೇ ಲೋಕದಲ್ಲಿ, ಗ್ರ್ಯಾನ್ ಟುರಿಸ್ಮೊ ಆಟ ಗೆದ್ದು ನಿಸ್ಸಾನ್ ಕಾರು ಹತ್ತಿದ ಜಾನ್ ಮಾರ್ಡನ್‌ಬರೊ ಮೇಲೆ ಹಾಲಿವುಡ್ ಸಿನಿಮಾ ಬಂದಿದೆ. ಗೇಮರ್ ಬಂದು ಚಾಲಕನ ಸೀಟಿನಲ್ಲಿ ಕೂತರೆ ಸಾಧನೆ. ಚಾಲಕ ತನ್ನ ಕುರ್ಚಿಯಲ್ಲಿ ಗೇಮರನ್ನು ಕೂರಿಸಿದರೆ ಮಹಾಪರಾಧ.

ಮಹಾಪರಾಧಕ್ಕೂ ದರ್ಜೆ ಇದೆ ಅನ್ನಿ. 2023ರ ಜನವರಿಯಲ್ಲಿ ಕಂಪ್ಯೂಟರ್ ಮೇಲಿನ 24 ಗಂಟೆಗಳ ಲೆ ಮಾನ್ಸ್ ನಡೆದಾಗ ಎಫ್‌1 ಚಾಲಕ ಮ್ಯಾಕ್ಸ್ ವರ್ಸ್ಟಾಪನ್ ತಂಡ ಮುಂಚೂಣಿಯಲ್ಲಿತ್ತು. ಸಂಪರ್ಕ ಕಡಿಯಿತು, ರೇಸ್ ಕೈಬಿಟ್ಟುಹೋಯಿತು. ಅವರು ರೇಸ್ ಬಿಟ್ಟದ್ದಷ್ಟೇ ಅಲ್ಲ, ಇದೊಂದು ಕೋಡಂಗಿಗಳ ಆಟ ಎಂದು ಸಂಘಟಕರನ್ನು ಝಾಡಿಸಿದರು. ವಾಲೇಸ್ ಎದ್ದು ಹೋದರೆ ಪ್ರಾಯೋಜಕನೂ ಎದ್ದು ಹೋದ. ಆಗಲೇ ಎರಡು ಸಲ ಎಫ್‌1 ಚಾಂಪಿಯನ್ ಆಗಿದ್ದ ವರ್ಸ್ಟಾಪನ್ ಎದ್ದು ಹೋದರೆ ಸಾಫ್ಟ್‌ವೇರ್ ಸರಿಯಿಲ್ಲ. ಆಟ ಯಾವಾಗ ಬರೀ ಆಟ, ಯಾವಾಗ ಉದ್ಯೋಗ ಎನ್ನುವುದು ಆಡುವವನ ಕಪಾಟಿನಲ್ಲಿರುವ ಕಪ್ಪುಗಳ ಮೇಲೆ ಹೋಗುತ್ತದೆ.

ಆ ಕಪ್ಪುಗಳಿಗೂ ರಿಯಾಯಿತಿ ಸಿಗದ ದಿನ ಬಂತು. 2024ರ ಮೇ ತಿಂಗಳಲ್ಲಿ, ಇಟಲಿಯ ಇಮೋಲಾ ಎಫ್‌1 ರೇಸಿನ ಹಿಂದಿನ ರಾತ್ರಿ ವರ್ಸ್ಟಾಪನ್ ಕಂಪ್ಯೂಟರ್ ಮುಂದೆ ನೂರ್ಬರ್ಗ್‌ರಿಂಗ್ ಟ್ರ್ಯಾಕ್ ಸುತ್ತುತ್ತಿದ್ದರು. ಎರಡೂ ಕಡೆ ಗೆದ್ದರು. ಆಹಾ, ಎಂಥ ಛಲ ಎಂದು ಎಲ್ಲರೂ ಕೊಂಡಾಡಿದರು. ಜುಲೈನಲ್ಲಿ ಹಂಗೇರಿ ರೇಸಿನ ಹಿಂದಿನ ರಾತ್ರಿಯೂ ಬೆಳಗಿನ ಜಾವ ಮೂರರವರೆಗೆ ಅದೇ ಕೆಲಸ. ಮಧ್ಯಾಹ್ನ ರೇಡಿಯೊದಲ್ಲಿ ತಮ್ಮದೇ ಎಂಜಿನಿಯರ್ ಮೇಲೆ ರೇಗಾಡಿದರು, ಎದುರಾಳಿ ಹ್ಯಾಮಿಲ್ಟನ್ ಕಾರಿಗೆ ತಾಗಿಸಿದರು, ಬಂದದ್ದು ಐದನೇ ಸ್ಥಾನ. ಮೇ ತಿಂಗಳ ಛಲ ಜುಲೈಗೆ ದುಶ್ಚಟವಾಗಿತ್ತು. ಇನ್ನು ಮುಂದೆ ಅಷ್ಟು ಹೊತ್ತಿನವರೆಗೆ ಆಡುವುದಿಲ್ಲವೆಂದು ಮಾತಾಗಿದೆ ಎಂದು ಅವರ ಎಫ್‌1 ತಂಡ ರೆಡ್‌ಬುಲ್‌ನ ಆಗಿನ ಸಲಹೆಗಾರ ಹೆಲ್ಮುಟ್ ಮಾರ್ಕೊ ಪತ್ರಿಕೆಗಳ ಮುಂದೆ ಹೇಳಿದರು. ಆಗ ಎಂಬತ್ತೊಂದರ ಅಜ್ಜ, ಹುಡುಗ ಹೊತ್ತಿಗೆ ಸರಿಯಾಗಿ ಮಲಗಲಿ ಎನ್ನುತ್ತಿದ್ದರು. 1971ರಲ್ಲಿ ಇವರೇ ಗೆದ್ದದ್ದು ಲೆ ಮಾನ್ಸ್, ಹಗಲೂ ರಾತ್ರಿ ಇಪ್ಪತ್ನಾಲ್ಕು ಗಂಟೆ ಓಡಿಸುವ ರೇಸು.