ಸೊಸೆ ಕಲ್ಲಿಗೊಂದು ಗೌನು

ಹಾಸನ ತಾಲ್ಲೂಕಿನ ದುದ್ದ ಹೋಬಳಿಯ ಆಲೂಗೆಡ್ಡೆಗೆ ಅಂಗಮಾರಿ ಅಂಟಿಕೊಂಡು ಬಹಳ ವರ್ಷಗಳಾದವು. ಜಲಂಧರದ ಬಿತ್ತನೆ ಗೆಡ್ಡೆ ತಂದು, ಮುಂಗಾರಿನ ಮುಖ ನೋಡಿ ನೆಟ್ಟು, ಔಷಧಿ ಹೊಡೆದೂ ಹೊಡೆದೂ ಕೈಸೋತವರು ಮುಸುಕಿನ ಜೋಳಕ್ಕೋ ಶುಂಠಿಗೋ ಹೊರಳಿದ್ದಾರೆ. ಆದರೆ ರೋಗದ ಕಾಟವಿಲ್ಲದೆ, ಮಳೆಯ ಹಂಗಿಲ್ಲದೆ, ಹನ್ನೆರಡು ತಿಂಗಳೂ ಭರ್ತಿ ಇಳುವರಿ ಕೊಡುವ ಬೆಳೆಯೊಂದು ಹೋಬಳಿಗೆ ಬಂದಿದೆ. ಅದರ ಹೆಸರು ರಾಜಕುಮಾರಿ. ಬಿತ್ತನೆ ಬೀಜ ಇದಕ್ಕೂ ಹೊರಗಿನದೇ. ಬೆಂಬಲ ಬೆಲೆ ಮಾತ್ರ ಅಪ್ಪಂದಿರೇ ಕೊಡಬೇಕು.

ಯಾವುದಾದರೂ ಮಗುವಿನ ಮೊದಲ ಹುಟ್ಟುಹಬ್ಬಕ್ಕೆ ಹೋಗಿ ನೋಡಿ. ಛತ್ರದ ವೇದಿಕೆಯ ಮೇಲೆ ಥರ್ಮಾಕೋಲಿನ ಹಿಮದ ಅರಮನೆ ಎದ್ದಿರುತ್ತದೆ. ಏಪ್ರಿಲ್ ಬಿಸಿಲಿನಲ್ಲಿ ನೀಲಿ ನೈಲಾನ್ ಫ್ರಾಕು ತೊಟ್ಟ ಮಗು ಕತ್ತು ಕೆರೆದುಕೊಂಡು ಕಿರುಚುತ್ತಿರುತ್ತದೆ. ತಲೆಯ ಮೇಲಿನ ಪ್ಲಾಸ್ಟಿಕ್ ಕಿರೀಟವನ್ನು ಕಿತ್ತು ಬಾಯಿಗೆ ಹಾಕಿಕೊಳ್ಳುವುದೊಂದೇ ಅದು ಇಡೀ ಕಾರ್ಯಕ್ರಮದಲ್ಲಿ ಸ್ವಂತ ಬುದ್ಧಿಯಿಂದ ಮಾಡುವ ಕೆಲಸ. ಮುಂದಿನ ಸಾಲಿನ ಅಜ್ಜಿಗೆ ಆ ಬಿಳಿ ಗುಡ್ಡೆ ಏನೆಂದು ಯಾರೋ ವಿವರಿಸುತ್ತಾರೆ. ಅಜ್ಜಿ ಕೇಳುತ್ತಾಳೆ: ‘ಆಲಿಕಲ್ಲು ಬಿದ್ರೆ ಬೆಳೆ ನೆಲಕಚ್ತದೆ ಕಣವ್ವ, ಅದುನ್ನ ಯಾಕೆ ಕಟ್ಟಿ ಪೂಜೆ ಮಾಡ್ತಾವ್ರೆ?’

ಅಜ್ಜಿಗೆ ಉತ್ತರ ಹೇಳುವವರಿಲ್ಲ. ಡೆನ್ಮಾರ್ಕಿನ ಆಂಡರ್ಸನ್ 1844ರಲ್ಲಿ ಬರೆದ ಕಥೆಯಲ್ಲಿ ಹಿಮರಾಣಿ ಒಬ್ಬ ಹುಡುಗನನ್ನು ಹೊತ್ತೊಯ್ಯುತ್ತಾಳೆ. ಅವನನ್ನು ಹುಡುಕಿಕೊಂಡು ನಡೆದೇ ನಡೆಯುವವಳು ಗೆರ್ಡಾ ಎಂಬ ಪುಟ್ಟ ಹುಡುಗಿ. 2013ರಲ್ಲಿ ಡಿಸ್ನಿಯವರು ಆ ಹಿಮರಾಣಿಯನ್ನೇ ನಾಯಕಿ ಮಾಡಿ ‘ಫ್ರೋಜನ್’ ತೆಗೆದರು. ಗೆರ್ಡಾ ಅಲ್ಲೇ ಎಲ್ಲೋ ಕಳೆದುಹೋದಳು. ಅಲ್ಲಿಂದ ದುದ್ದಕ್ಕೆ ಬರುವಷ್ಟರಲ್ಲಿ ಕಥೆಯೂ ಉದುರಿ ಫ್ರಾಕು ಮಾತ್ರ ತಲುಪಿತು. ಅಪ್ಪನಿಗೆ ಗೊತ್ತಿರುವುದು ಥೀಮ್, ಅಮ್ಮನಿಗೆ ಗೊತ್ತಿರುವುದು ಬಣ್ಣ. ಕಥೆ ಯಾರಿಗೂ ಬೇಕಾಗಿಲ್ಲ, ಅದನ್ನು ಫೋಟೋ ತೆಗೆಯಲು ಬರುವುದಿಲ್ಲವಲ್ಲ.

ರಾಜಕುಮಾರಿ ಬೆಳೆದು ಮದುವೆಗೆ ಬಂದಾಗ ಅವಳನ್ನು ಶೆಟ್ಟಿಹಳ್ಳಿಗೆ ಕರೆದೊಯ್ಯುತ್ತಾರೆ. 1860ರ ದಶಕದಲ್ಲಿ ಫ್ರೆಂಚ್ ಮಿಷನರಿಗಳು ಕಟ್ಟಿದ ರೋಸರಿ ಚರ್ಚು ಅಲ್ಲಿದೆ. ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಬಿದ್ದ ಮೇಲೆ ಜನ ಗಂಟುಮೂಟೆ ಕಟ್ಟಿ ಹೊರಟರು, ಚರ್ಚಿನ ಗೋಡೆಗಳು ಉಳಿದವು. ಮಳೆಗಾಲದಲ್ಲಿ ಹಿನ್ನೀರಿನಲ್ಲಿ ಅರ್ಧ ಮುಳುಗುತ್ತವೆ, ಬೇಸಿಗೆಯಲ್ಲಿ ಮೇಲೆದ್ದು ನಿಲ್ಲುತ್ತವೆ. ಮನೆಮಠ ಮುಳುಗಿಸಿಕೊಂಡು ಎದ್ದುಹೋದವರ ಕಥೆಯನ್ನು ಯಾರೂ ಸಿನಿಮಾ ಮಾಡಲಿಲ್ಲ. ಅವರ ಊರು ಮಾತ್ರ ಪ್ರೀ-ವೆಡ್ಡಿಂಗ್ ಶೂಟಿಂಗಿಗೆ ಅರಮನೆಯಾಗಿ ಬಡ್ತಿ ಪಡೆಯಿತು.

ಗೌನು ಬಾಡಿಗೆಯದು. ಅದು ಎಲ್ಲ ಗಾತ್ರದ ರಾಜಕುಮಾರಿಯರಿಗೂ ಹೊಂದುವ ಗುಟ್ಟು ಬೆನ್ನ ಹಿಂದಿದೆ: ಒಗೆದ ಬಟ್ಟೆ ಸಿಕ್ಕಿಸುವ ನಾಲ್ಕು ಕ್ಲಿಪ್ಪು, ಏಳೆಂಟು ಸೇಫ್ಟಿ ಪಿನ್ನು. ಮುಂದಿನಿಂದ ಯುರೋಪು, ಹಿಂದಿನಿಂದ ಹಿತ್ತಲು. ಒಳಗೆ ಪ್ಯಾಂಟು, ಅದರ ಕೆಳಗೆ ಹವಾಯಿ ಚಪ್ಪಲಿ. ರಾಜಕುಮಾರ ಕೋಟಿನೊಳಗೆ ಬೆಂದು ಬೆವರುತ್ತಿರುತ್ತಾನೆ. ಡ್ರೋನು ಮೇಲೇರುತ್ತದೆ, ನೀಲಿ ಹೊಗೆ ಬಿಡುತ್ತಾರೆ, ಮೇಯುತ್ತಿದ್ದ ಎಮ್ಮೆಯೊಂದು ಯಾರ ಅಪ್ಪಣೆಯನ್ನೂ ಕೇಳದೆ ಚೌಕಟ್ಟಿನೊಳಗೆ ಬಂದು ನಿಲ್ಲುತ್ತದೆ. ಎಮ್ಮೆ ಕಾಯುವ ಅಜ್ಜಿ ಗೌನಿನ ನಾಲ್ಕು ಮಾರು ಉದ್ದದ ಬಾಲ ನೋಡಿ ಗಾಬರಿಯಾಗುತ್ತಾಳೆ.

‘ಅಷ್ಟುದ್ದ ಬಟ್ಟೆ ಕೆಸರಾಯ್ತದಲ್ಲವ್ವ, ಒಗೆಯೋರ್ಯಾರು?’

‘ಬಾಡಿಗೇದು ಅಜ್ಜಿ.’

‘ಸರಿ ಬುಡು. ಗಂಡ?’

ಸಿಂಡರೆಲ್ಲಾಗೆ ಮಧ್ಯರಾತ್ರಿ 12ರ ತನಕ ಗಡುವಿತ್ತು. ಬಾಡಿಗೆ ಅಂಗಡಿಯವನು ಅಷ್ಟು ಉದಾರಿಯಲ್ಲ. ಸಂಜೆಯೊಳಗೆ ಗೌನು ಬರದಿದ್ದರೆ ಇನ್ನೊಂದು ದಿನದ ಬಾಡಿಗೆ ಜಡಿಯುತ್ತಾನೆ, ಕಲೆಯಾಗಿದ್ದರೆ ಡೆಪಾಸಿಟ್ಟನ್ನೂ ಹಿಡಿದುಕೊಳ್ಳುತ್ತಾನೆ. ಅದೇ ಹೊತ್ತಿಗೆ, ಚರ್ಚಿನಾಚೆ ನಿಲ್ಲಿಸಿದ ಕಾರಿನ ನೆರಳಿನಲ್ಲಿ ಹಿರಿಯರು ನಿಜವಾದ ಚಿತ್ರಕಥೆ ಬರೆಯುತ್ತಿರುತ್ತಾರೆ. ಛತ್ರದ ಖರ್ಚು ಯಾರದು, ಬಂಗಾರ ಎಷ್ಟು, ಗಾಡಿ ಯಾವುದು. ವರದಕ್ಷಿಣೆ ನಿಷೇಧ ಕಾಯ್ದೆ 1961ರಲ್ಲೇ ಬಂದಿರುವುದರಿಂದ ಈ ಮಾತುಗಳನ್ನು ಧ್ವನಿ ತಗ್ಗಿಸಿ ಆಡುತ್ತಾರೆ. ಡ್ರೋನಿನಲ್ಲಿ ಅದೃಷ್ಟವಶಾತ್ ಮೈಕ್ ಇರುವುದಿಲ್ಲ.

ಇದನ್ನು ಹಳ್ಳಿಯವರ ಹುಚ್ಚು ಎಂದು ಬೆಂಗಳೂರಿನವರು ನಗಬೇಕಾಗಿಲ್ಲ. 1697ರಲ್ಲಿ ಫ್ರಾನ್ಸಿನ ಪೆರೋ ಸಿಂಡರೆಲ್ಲಾಳ ಕಾಲಿಗೆ ಗಾಜಿನ ಪಾದರಕ್ಷೆ ತೊಡಿಸಿದ್ದೇ ತಡ, ಜಗತ್ತು ಇಂದಿಗೂ ಆ ಕಾಲನ್ನು ಬಿಟ್ಟು ಮೇಲೆ ನೋಡಿಲ್ಲ. 2015ರ ಸಿನಿಮಾಕ್ಕೆ ಸ್ವರೋವ್ಸ್ಕಿ ಕಂಪನಿ ನಿಜವಾದ ಸ್ಫಟಿಕದ ಜೋಡು ಮಾಡಿಕೊಟ್ಟಿತು. ಅದನ್ನು ಹಾಕಿಕೊಂಡು ನಡೆಯಲು ಯಾವ ಕಾಲಿಗೂ ಆಗದು. ನಟಿ ಬೇರೆ ಜೋಡು ಮೆಟ್ಟಿ ನಡೆದಳು, ಕಂಪ್ಯೂಟರು ಅದನ್ನು ಸ್ಫಟಿಕ ಮಾಡಿತು. ಮಂಗಳೂರಿನಲ್ಲಿ ಹುಟ್ಟಿದ ಐಶ್ವರ್ಯಾ ರೈ 2017ರಲ್ಲಿ ಕಾನ್ ಚಿತ್ರೋತ್ಸವಕ್ಕೆ ತಿಳಿನೀಲಿ ಗೌನು ತೊಟ್ಟು ಹೋದಾಗ ಪತ್ರಿಕೆಗಳಿಗೆಲ್ಲ ಸಿಂಡರೆಲ್ಲಾ ಜ್ವರ ಬಂತು. 2019ರ ಮೆಟ್ ಗಾಲಾದಲ್ಲಿ ಜೆಂಡಾಯಾಳ ಗೌನಿಗೆ ದೀಪವೇ ಹತ್ತಿತು. ಪಕ್ಕದಲ್ಲಿ ಮಂತ್ರದಂಡ ಹಿಡಿದು ನಿಂತವನು ಅವಳ ಸ್ಟೈಲಿಸ್ಟ್. ಒಲೆಯ ಬೂದಿಯಲ್ಲಿ ಕೂತು ಪಾತ್ರೆ ಉಜ್ಜುತ್ತಿದ್ದ ಹುಡುಗಿಯೊಬ್ಬಳ ಸಂಕಟ ಇಲ್ಲಿಗೆ ಬಂದು ಬ್ಯಾಟರಿ ಚಾರ್ಜಿನ ಸಮಸ್ಯೆಯಾಯಿತು.

ಹಾಲಿವುಡ್ಡಿನವರಿಗೆ ಈಗ ಇನ್ನೊಂದು ಚಟ ಹತ್ತಿದೆ. ಹಳೆಯ ಕಥೆಗಳ ದುಷ್ಟೆಯರಿಗೆಲ್ಲ ಅವರು ಜಾಮೀನು ಕೊಡಿಸುತ್ತಿದ್ದಾರೆ. ಮಲಗಿದ ಸುಂದರಿಗೆ ಶಾಪವಿಟ್ಟವಳು 2014ರ ‘ಮೆಲೆಫಿಸೆಂಟ್’ನಲ್ಲಿ ನೊಂದ ಜೀವವಾದಳು. ನಾವು ಯಾರಿಗೇನು ಕಡಿಮೆ? ನಮ್ಮಲ್ಲೂ ಒಂದು ಕಥೆ ಇದೆ, ಅದೂ ಜಿಲ್ಲಾ ಕೇಂದ್ರದಲ್ಲೇ, ಬಸ್ ಸ್ಟ್ಯಾಂಡಿನಿಂದ ಆಟೋ ದೂರದಲ್ಲಿ.

ಹಾಸನಾಂಬೆಯ ಗುಡಿ ವರ್ಷಕ್ಕೊಮ್ಮೆ, ದೀಪಾವಳಿಯ ಆಸುಪಾಸಿನಲ್ಲಿ ಮಾತ್ರ ಬಾಗಿಲು ತೆರೆಯುತ್ತದೆ. ಒಳಗೆ ಸೊಸೆ ಕಲ್ಲು ಇದೆ. ದಿನವೂ ದೇವಿಯ ದರ್ಶನಕ್ಕೆ ಬರುತ್ತಿದ್ದ ಸೊಸೆಯನ್ನು ಅತ್ತೆ ಹಿಂಬಾಲಿಸಿ ಬಂದು, ಮನೆಗೆಲಸ ಬಿಟ್ಟು ಇಲ್ಲೇನು ನಿನಗೆ ಎಂದು ತಲೆಗೆ ಹೊಡೆದಳಂತೆ. ಅವಳು ನೋವಿನಿಂದ ಅಮ್ಮಾ ಎಂದು ಕೂಗಿದಳಂತೆ. ದೇವಿ ಕರುಣೆ ತೋರಿ ಅವಳನ್ನು ಅಲ್ಲೇ ಕಲ್ಲಾಗಿಸಿದಳಂತೆ. ಹೊಡೆದ ಅತ್ತೆ ಕಲ್ಲಾಗಲಿಲ್ಲ, ಗಮನಿಸಿ. ಆ ಕಲ್ಲು ವರ್ಷಕ್ಕೊಂದು ಅಕ್ಕಿಕಾಳಿನಷ್ಟು ದೇವಿಯ ಕಡೆ ಸರಿಯುತ್ತದೆ, ಪಾದ ಮುಟ್ಟಿದ ದಿನ ಕಲಿಯುಗ ಮುಗಿಯುತ್ತದೆ ಎಂಬ ನಂಬಿಕೆ. ಸೊಸೆ ಧರ್ಮದರ್ಶನದ ಸಾಲಿನಲ್ಲಿ ಶತಮಾನಗಳಿಂದ ನಿಂತಿದ್ದಾಳೆ. 300 ಮತ್ತು 1000 ರೂಪಾಯಿ ಟಿಕೆಟ್‌ನವರು ಪ್ರತಿವರ್ಷ ಅವಳನ್ನು ಓವರ್‌ಟೇಕ್ ಮಾಡಿ, ದೇವಿಯನ್ನು ನೋಡಿ, ಸೆಲ್ಫಿ ಹಾಕಿ, ಊಟಕ್ಕೆ ಹೋಗುತ್ತಾರೆ.

ಈ ಕಥೆಯನ್ನು ಹಿಡಿದು ಗಾಂಧಿನಗರಕ್ಕೆ ಹೋದರೆ ಏನಾದೀತು ಎಂದು ಊಹಿಸಿ ನೋಡಿದೆ.

‘ಸಬ್ಜೆಕ್ಟ್ ಚೆನ್ನಾಗೈತೆ ಸಾರ್’ ಎನ್ನುತ್ತಾರೆ ನಿರ್ಮಾಪಕರು. ‘ಆದ್ರೆ ವರ್ಷಕ್ಕೆ ಒಂದು ಅಕ್ಕಿಕಾಳು ಸ್ಪೀಡಲ್ಲಿ ಚೇಸಿಂಗ್ ಸೀನ್ ಹೆಂಗೆ ಮಾಡೋದು?’

ನಿರ್ದೇಶಕರು ಪರಿಹಾರ ಹೇಳುತ್ತಾರೆ: ‘ಕಲ್ಲು ಸ್ಲೋಮೋಷನ್ನಲ್ಲೇ ಇರ್ಲಿ, ಹೀರೋ ಫಾಸ್ಟಾಗಿ ಬರ್ಲಿ.’

‘ಹೀರೋ ಎಲ್ಲಿದಾನೆ ಈ ಕಥೇಲಿ?’

‘ಸೊಸೆ ಅಂದ್ಮೇಲೆ ಗಂಡ ಇರ್ಲೇಬೇಕಲ್ಲ ಸಾರ್. ಹೆಂಡ್ತಿ ತಲೆಗೆ ಏಟು ಬೀಳೋವಾಗ ಎಲ್ಲೋಗಿದ್ದ ಅನ್ನೋದೇ ಫ್ಲ್ಯಾಷ್‌ಬ್ಯಾಕು.’

ಹಾಲಿವುಡ್ ನೋಡಿ ಬಂದ ಸಹಾಯಕ ನಿರ್ದೇಶಕ ಎದ್ದು, ಅತ್ತೆಯ ಕಡೆಯಿಂದ ಕಥೆ ಹೇಳೋಣ ಎನ್ನುತ್ತಾನೆ. ಅವಳಿಗೂ ಒಂದು ಬಾಲ್ಯ, ಅವಳಿಗೂ ಒಬ್ಬ ಅತ್ತೆ, ಅವಳ ಅತ್ತೆಗೂ ಒಬ್ಬ ಅತ್ತೆ. ಹೀಗೆ ಹೊಯ್ಸಳರವರೆಗೂ ಹೋದರೆ ನಾಲ್ಕು ಭಾಗ ಗ್ಯಾರಂಟಿ, ಐದು ಭಾಷೆಗಳಲ್ಲಿ ಬಿಡುಗಡೆ. ‘ಕಾಂತಾರ’ 2022ರಲ್ಲಿ ಬಂದು ಅದರ ‘ಚಾಪ್ಟರ್ 1’ 2025ರಲ್ಲಿ ಬಂದ ಮೇಲೆ, ಹಿಂದಿನದನ್ನು ಮುಂದೆ ಹೇಳುವುದಕ್ಕೆ ಯಾರೂ ಬೇಡವೆನ್ನುವುದಿಲ್ಲ. ಕೊನೆಗೆ ಸೊಸೆಯ ಉಡುಪಿನ ಪ್ರಶ್ನೆ ಬರುತ್ತದೆ. ಕಲ್ಲಾದ ಮೇಲೆ ಉಡುಪೇಕೆ ಎಂದು ಯಾರಾದರೂ ಕೇಳಿದರೆ ಅವರಿಗೆ ಮಾರ್ಕೆಟ್ ಗೊತ್ತಿಲ್ಲ ಎಂದರ್ಥ. ಗೌನು ಬರುತ್ತದೆ. ಗ್ರಾನೈಟ್ ಬಣ್ಣದ್ದು, ಉದ್ದ ಬಾಲದ್ದು, ವರ್ಷಕ್ಕೊಂದು ಅಕ್ಕಿಕಾಳು ಸರಿಯುವಂಥದ್ದು.

ಎಲ್ಲ ಬದಲಾಗುತ್ತದೆ, ಏಟು ಮಾತ್ರ ಬದಲಾಗುವುದಿಲ್ಲ. ಈ ಹೊಸ ರೂಪಾಂತರಗಳ ಬುದ್ಧಿವಂತಿಕೆಯೇ ಅದು. ಸೀರೆಯ ಜಾಗಕ್ಕೆ ಗೌನು, ಎತ್ತಿನಗಾಡಿಯ ಜಾಗಕ್ಕೆ ಕಾರು, ಸೋಬಾನೆಯ ಜಾಗಕ್ಕೆ ಡಿಜೆ ಬಂದಿವೆ. ಆದರೆ ಹುಡುಗಿ ಕಾಯಬೇಕು, ಅತ್ತೆಮನೆ ತೂಗಿ ನೋಡಬೇಕು, ದೇವರು ಬಂದು ಕಲ್ಲು ಮಾಡಬೇಕು. ಇದಕ್ಕೆ ಕೈ ಹಾಕುವ ಧೈರ್ಯ ಯಾರಿಗೂ ಇಲ್ಲ. ರಾಜಕುಮಾರರ ಕಥೆಗಳಿಗಂತೂ ನಮ್ಮ ಜಿಲ್ಲೆಯಲ್ಲಿ ಬರವಿಲ್ಲ. ಅವನ್ನು ಮಕ್ಕಳ ಮುಂದೆ ಹೇಳುವಂತಿಲ್ಲ, ಅಷ್ಟೇ.

ಕಥೆ ಹೇಳುತ್ತಿದ್ದ ಹಳಬರು ಮಾಡುತ್ತಿದ್ದುದು ಇದಕ್ಕೆ ತದ್ವಿರುದ್ಧ. ಅವರು ಬಟ್ಟೆಯ ತಂಟೆಗೆ ಹೋಗದೆ ಕಥೆಗೇ ಕೈ ಹಾಕುತ್ತಿದ್ದರು. ಎ.ಕೆ. ರಾಮಾನುಜನ್ ಸಂಗ್ರಹಿಸಿದ ಹಂಚಿಯ ಕಥೆ ನೋಡಿ. ಅವರು ಅದನ್ನು ಕನ್ನಡದ ಸಿಂಡರೆಲ್ಲಾ ಎಂದೇ ಕರೆದರು. ಬಂಗಾರದ ಕೂದಲಿನ ಹುಡುಗಿ. ಅವಳ ಮೇಲೆ ಒಡಹುಟ್ಟಿದ ಅಣ್ಣನದೇ ಕೆಟ್ಟ ಕಣ್ಣು. ತಾಯಿ ಮಗಳ ಮುಖಕ್ಕೆ ಮಣ್ಣಿನ ಮುಖವಾಡ ಕೊಟ್ಟು, ಬುತ್ತಿ ಕಟ್ಟಿ, ಮನೆಯಿಂದಲೇ ದಾಟಿಸುತ್ತಾಳೆ. ಇಲ್ಲಿ ಮಂತ್ರದಂಡದ ದೇವತೆಯಿಲ್ಲ, ಕುಂಬಳಕಾಯಿ ರಥವಿಲ್ಲ. ಮದುವೆಯಾದರೆ ಕಥೆ ಮುಗಿಯುವುದೂ ಇಲ್ಲ, ಆಮೇಲೆ ಕಾವಿ ತೊಟ್ಟ ಗುರುವೊಬ್ಬ ಬೆನ್ನು ಹತ್ತುತ್ತಾನೆ. ಹುಡುಗಿಗೆ ಅಪಾಯ ಯಾವ ಯಾವ ಬಾಗಿಲಿನಿಂದ ಬರುತ್ತದೆ ಎಂದು ಅಡುಗೆಮನೆಯಲ್ಲಿ ಕೂತು ಇಷ್ಟು ನೇರವಾಗಿ ಹೇಳಿದವರಿಗೆ ಸೆನ್ಸಾರ್ ಮಂಡಳಿ ಯಾವ ಸರ್ಟಿಫಿಕೇಟ್ ಕೊಟ್ಟೀತು? ಹಂಚಿ ಮುಖವಾಡ ಹಾಕಿದ್ದು ಚೆಲುವು ಮುಚ್ಚಲು. ನಾವು ಮೊಬೈಲ್ ಫಿಲ್ಟರು ಹಾಕಿ ಉಳಿದದ್ದನ್ನೆಲ್ಲ ಮುಚ್ಚುತ್ತೇವೆ.

ಕುವೆಂಪು ತಮ್ಮ ಕಿಂದರಿಜೋಗಿಯ ಪದ್ಯದಲ್ಲಿ ಹ್ಯಾಮ್ಲಿನ್ ಊರಿನ ಇಲಿಗಳನ್ನು ಬೊಮ್ಮನಹಳ್ಳಿಗೆ ತಂದಾಗ ಅವು ಕನ್ನಡದ ಇಲಿಗಳೇ ಆದವು. ಇಲಿಯ ಕಾಟವೂ ಕೊಟ್ಟ ಮಾತಿಗೆ ತಪ್ಪುವ ಗೌಡನೂ ನಮಗೆ ಹೊಸಬರಲ್ಲ. 1989ರಲ್ಲಿ ರವಿಚಂದ್ರನ್ ಅವರ ‘ಕಿಂದರಿಜೋಗಿ’ ಬಂತು. ಇಲಿ ಬರಲಿಲ್ಲ, ಜೂಹಿ ಚಾವ್ಲಾ ಬಂದರು. ಜನಕ್ಕೆ ಬೇಜಾರೇನೂ ಆಗಲಿಲ್ಲ.

ಇನ್ನು ನಮ್ಮ ಕಥೆಗಳ ಪ್ರವಾಸದ ವಿವರ ಕೇಳಿ. ಹೂಮರವಾಗುವ ಹುಡುಗಿಯ ಕನ್ನಡ ಜನಪದ ಕಥೆ 1992ರಲ್ಲಿ ಗಿರೀಶ ಕಾರ್ನಾಡರ ಕೈಯಲ್ಲಿ ‘ಚೆಲುವಿ’ಯಾಗಿ ಹಿಂದಿ ಮಾತಾಡಿತು. 2006ರಲ್ಲಿ ಅಮೆರಿಕದ ಜಾನ್ ಆಡಮ್ಸ್ ಅದನ್ನು ಆಪೆರಾ ಮಾಡಿ ವಿಯೆನ್ನಾದಲ್ಲಿ ಹಾಡಿಸಿದರು. ನಮ್ಮ ಪುಣ್ಯಕೋಟಿ 2020ರಲ್ಲಿ ಅನಿಮೇಷನ್ ಚಿತ್ರವಾಗುವ ಹೊತ್ತಿಗೆ ಸಂಸ್ಕೃತ ಕಲಿತಿತ್ತು. ನಮ್ಮ ಕಥೆಗಳಿಗೆ ಪಾಸ್‌ಪೋರ್ಟ್ ಇದೆ, ರೇಷನ್ ಕಾರ್ಡ್ ಇಲ್ಲ. ವಿಯೆನ್ನಾದಲ್ಲಿ ಚಪ್ಪಾಳೆ ಸಿಗುತ್ತದೆ. ದುದ್ದದ ಛತ್ರದಲ್ಲಿ ಮಾತ್ರ ಅವಕ್ಕೆ ಜಾಗವಿಲ್ಲ, ಅಲ್ಲಿ ಡೆನ್ಮಾರ್ಕಿನ ಹಿಮ ಕರಗುತ್ತಿದೆ.

ಇವೆಲ್ಲ ಯಾಕೆ ಹೀಗಾದವು ಎಂದು ತಜ್ಞರ ಸಮಿತಿ ನೇಮಿಸುವ ಅಗತ್ಯವಿಲ್ಲ. ರಾಮಾನುಜನ್ ದಾಖಲಿಸಿದ ಇನ್ನೊಂದು ಕನ್ನಡ ಕಥೆಯಲ್ಲಿ ವರದಿ ಆಗಲೇ ಸಿದ್ಧವಾಗಿದೆ. ಒಬ್ಬ ಹೆಂಗಸಿಗೆ ಒಂದು ಕಥೆಯೂ ಒಂದು ಹಾಡೂ ಗೊತ್ತಿದ್ದವು. ಅವಳು ಯಾರಿಗೂ ಹೇಳುತ್ತಿರಲಿಲ್ಲ. ಒಳಗೇ ಉಸಿರುಗಟ್ಟಿದ ಅವೆರಡೂ ಅವಳು ಮಲಗಿದ್ದಾಗ ಬಾಯಿಂದ ತಪ್ಪಿಸಿಕೊಂಡವು. ಕಥೆ ಒಂದು ಜೊತೆ ಜೋಡಾಗಿ ಹೊಸ್ತಿಲಾಚೆ ಕೂತಿತು, ಹಾಡು ಗಂಡಸಿನ ಕೋಟಾಗಿ ಗೂಟಕ್ಕೆ ನೇತುಬಿತ್ತು. ಹೊರಗಿನಿಂದ ಬಂದ ಗಂಡ ಜೋಡು ನೋಡಿದ, ಕೋಟು ನೋಡಿದ, ಯಾರದೆಂದು ಜಗಳ ತೆಗೆದು ಹನುಮಂತನ ಗುಡಿಗೆ ಹೋಗಿ ಮಲಗಿದ. ಊರಿನ ಮನೆಗಳಲ್ಲಿ ದೀಪ ಆರಿದ ಮೇಲೆ ಆ ಜ್ವಾಲೆಗಳೆಲ್ಲ ರಾತ್ರಿ ಅದೇ ಗುಡಿಯಲ್ಲಿ ಸೇರಿ ಹರಟುತ್ತಿದ್ದವು. ಅವುಗಳ ಮಾತು ಕೇಳಿ ಅವನಿಗೆ ನಿಜ ಗೊತ್ತಾಯಿತು. ಓಡಿ ಬಂದು ಹೆಂಡತಿಯನ್ನು ಕೇಳಿದರೆ ಅವಳು, ಎಂಥ ಕಥೆ, ಎಂಥ ಹಾಡು ಎಂದಳು. ಅಷ್ಟರಲ್ಲಿ ಎರಡೂ ಮರೆತುಹೋಗಿದ್ದವು.

ಹೇಳದ ಕಥೆ ಚಪ್ಪಲಿಯಾಗುತ್ತದೆ, ಹಾಡದ ಹಾಡು ಕೋಟಾಗುತ್ತದೆ ಎಂದು ನಮ್ಮ ಹೆಂಗಸರಿಗೆ ಪ್ಯಾರಿಸ್ಸಿನ ಫ್ಯಾಷನ್ ಪತ್ರಿಕೆಗಳಿಗಿಂತ ಮೊದಲೇ ಗೊತ್ತಿತ್ತು. ನಾವು ಮನೆಗಳಲ್ಲಿ ಹೇಳುವುದನ್ನು ಬಿಟ್ಟೆವು. ಹೇಳದೆ ಬಿಟ್ಟದ್ದೆಲ್ಲ ಈಗ ಹಾಸನದ ಬಾಡಿಗೆ ಅಂಗಡಿಯಲ್ಲಿ ಹ್ಯಾಂಗರಿಗೆ ನೇತುಬಿದ್ದಿದೆ, ದಿನದ ಲೆಕ್ಕದಲ್ಲಿ. ಆ ಮನೆಯ ಗಂಡ ಯಾರದೀ ಕೋಟು ಎಂದು ಜಗಳವಾದರೂ ಆಡಿದ. ನಾವು ಸೈಜ್ ಯಾವುದಿದೆ ಎಂದು ಕೇಳುತ್ತಿದ್ದೇವೆ.

ಹಾಗಾಗಿ ಸೊಸೆ ಕಲ್ಲಿನ ಸಿನಿಮಾ ಬಂದೇ ಬರುತ್ತದೆ, ಅನುಮಾನ ಬೇಡ. ಹಾಲಿವುಡ್ಡಿನ ಯಾವುದಾದರೂ ಕಂಪನಿ ನಮ್ಮ ಕಲ್ಲನ್ನು ಅನಿಮೇಷನ್ ಮಾಡಿ, ಕಾಪಿರೈಟ್ ಮಾಡಿಸಿ, ಕಲ್ಲಿನ ಬಣ್ಣದ ಫ್ರಾಕನ್ನೂ ಜೊತೆಗೇ ಮಾರುಕಟ್ಟೆಗೆ ಬಿಡುತ್ತದೆ. ನಾವು ಹಾಸನದ ಥಿಯೇಟರಿನ ಮುಂದೆ ಸಾಲು ನಿಂತು, ನಮ್ಮಜ್ಜಿ ಪುಗಸಟ್ಟೆ ಹೇಳುತ್ತಿದ್ದ ಕಥೆಯನ್ನು ಡಬ್ಬಿಂಗಿನಲ್ಲಿ ನೋಡಿ, ‘ಏನ್ ಇಮ್ಯಾಜಿನೇಷನ್ ಗುರೂ ಇವ್ರುದ್ದು! ನಮ್ಮೋರ್ಗೆ ಇಂಥವೆಲ್ಲ ಎಲ್ಲಿ ಹೊಳೀಬೇಕು’ ಎಂದು ಪಾಪ್‌ಕಾರ್ನ್ ಮುಕ್ಕುತ್ತೇವೆ.