ಲಿಮಿಟ್ ರಾಯರು

ಫೈಲ್ ಅಪ್‌ಲೋಡ್ ಆಗುತ್ತಿಲ್ಲ ಎಂದು ಯಾರೇ ದೂರಲಿ, "ಲಿಮಿಟ್ ಏರಿಸಿದ್ರಾಯ್ತಪ್ಪಾ" ಎನ್ನುವ ಹಿರಿಯರೊಬ್ಬರು ಪ್ರತಿ ಸಾಫ್ಟ್‌ವೇರ್ ಆಫೀಸಿನಲ್ಲೂ ಇರುತ್ತಾರೆ. ಬೆಂಗಳೂರಿನ ನಮ್ಮ ಆಫೀಸಿನಲ್ಲಿದ್ದವರಿಗೆ ಬೆನ್ನ ಹಿಂದೆ ನಾವಿಟ್ಟ ಹೆಸರು ಲಿಮಿಟ್ ರಾಯರು.

ಅವರ ಮದ್ದು ಸುಳ್ಳೇನಲ್ಲ. ಎಂಜಿನ್‌ಎಕ್ಸ್ ಸರ್ವರನ್ನು ಅದರ ಪಾಡಿಗೆ ಬಿಟ್ಟರೆ 1 ಎಂಬಿ ದಾಟಿದ್ದಕ್ಕೆಲ್ಲ 413 ಎರರ್ ಎಂದು ಗದರಿ ಕಳಿಸುತ್ತದೆ. ಅದನ್ನು ಒಲಿಸಿಕೊಂಡರೆ ಪಿಎಚ್‌ಪಿ 2 ಎಂಬಿಗೇ ಅಡ್ಡ ನಿಲ್ಲುತ್ತದೆ. ಯಾವುದನ್ನು ಎಲ್ಲಿ ತಿದ್ದಬೇಕೆಂಬುದು ರಾಯರಿಗೆ ಬಾಯಿಪಾಠ. ಕಾಫಿಗೆ ಸಕ್ಕರೆ ಬೇಡವೆಂದು ಪಕ್ಕದವರ ಮೈಸೂರ್‌ಪಾಕ್ ಮುರಿಯುವುದು, ನಾನು ಬಾಯಿ ತೆರೆದಾಗಲೇ ಮೀಟಿಂಗಿನಲ್ಲಿ ಮ್ಯೂಟ್ ತೆಗೆಯುವುದು, ಇವನ್ನೆಲ್ಲ ಸಹಿಸಬಹುದು.

ಸಹಿಸಲಾಗದ್ದು ಶಿರಸಿ ಕಡೆಯ ಫೋಟೋಗ್ರಾಫರ್ ಪ್ರಸಂಗ. ನಮ್ಮ ಸೈಟಿಗೆ ಅವರ 3 ಜಿಬಿ ಮದುವೆ ವಿಡಿಯೊ ಏರುತ್ತಿತ್ತು. ಶೇಕಡಾ 90 ದಾಟಿದಾಗ ಕರೆಂಟ್ ಹೋಯಿತು. ಮತ್ತೆ ಸೊನ್ನೆಯಿಂದ ಶುರು. ಮರುದಿನ ಮಳೆಗೆ ಲೈನೇ ಸತ್ತಿತು. ರಾಯರು ಲಿಮಿಟ್ಟನ್ನು 5ರಿಂದ 10 ಜಿಬಿಗೆ ಏರಿಸಿದರು.

"ಸಾರ್, ಕರೆಂಟಿಗೂ ಲಿಮಿಟ್ಟಿಗೂ ಏನು ಸಂಬಂಧ?"

"ಇರ್ಲಿ ಬಿಡಪ್ಪಾ, ಒಳ್ಳೇದಕ್ಕೇ." ಆಮೇಲೆ ಆಫೀಸಿನ ಫೈಬರ್ ಲೈನಿನಲ್ಲಿ ತಾವೇ ಒಂದು ವಿಡಿಯೊ ಏರಿಸಿ, "ಇಲ್ಲಿ ಆಗ್ತಿದೆಯಲ್ಲ!" ಎಂದರು.

ಸ್ಪೀಕರ್ ಫೋನಿನಲ್ಲಿದ್ದ ಫೋಟೋಗ್ರಾಫರ್ ನಿಟ್ಟುಸಿರು ಬಿಟ್ಟರು. "ಕೊನೆಕೊಯ್ಲಿನ ನಡುವೆ ಮಳೆ ಬಂದರೆ ಬಿಟ್ಟ ಮರದಿಂದ ಮುಂದುವರಿಸ್ತೇವೆ ಮಾರಾಯ್ರೆ. ಇಳಿಸಿದ ಅಡಿಕೆ ವಾಪಸ್ ಮರಕ್ಕೆ ಕಟ್ತೇವಾ?"

ಇಡೀ ಶಾಸ್ತ್ರ ಅಷ್ಟೇ. ಫೈಲನ್ನು ತುಂಡು ಮಾಡಿ ಕಳಿಸಬೇಕು. ಬಂದದ್ದನ್ನು ಸರ್ವರ್ ನೆನಪಿಡಬೇಕು. ಬಾರದ್ದನ್ನಷ್ಟೇ ಮತ್ತೆ ಕಳಿಸಬೇಕು. ಅಮೆಜಾನ್ ಎಸ್3 ಹೀಗೆ 10,000 ತುಂಡುಗಳವರೆಗೆ ಒಪ್ಪುತ್ತದೆ. ಕೊನೆಯದೊಂದು ಬಿಟ್ಟು ಉಳಿದವು 5 ಎಂಬಿಗಿಂತ ಚಿಕ್ಕವಿರಬಾರದು. ಇದನ್ನೆಲ್ಲ ನಾನು ಬಣ್ಣಬಣ್ಣದ ಸ್ಲೈಡುಗಳಲ್ಲಿ ವಿವರಿಸಿದಾಗ ರಾಯರು ತೂಕಡಿಸುತ್ತಿದ್ದರು. ಉಳಿದವರು ಎಚ್ಚರವಿದ್ದರೆಂದು ಪ್ರಮಾಣ ಮಾಡಲಾರೆ. ಅಡಿಕೆ ಮರದ ಮಾತು ಮಾತ್ರ ಒಂದೇ ಸಲಕ್ಕೆ ನಾಟಿತು.

ಆದರೆ ಫೋಟೋಗ್ರಾಫರ್ ನಿಟ್ಟುಸಿರು ಬಿಟ್ಟ ಆ ರಾತ್ರಿ, ಅವರ ವಿಡಿಯೊ ಏರಿ ಮುಗಿಯುವವರೆಗೂ ಫೋನಿನಲ್ಲಿ ಜೊತೆಗಿದ್ದವರು ರಾಯರೇ. ಶಾಸ್ತ್ರ ಬಲ್ಲ ನನ್ನ ಬಳಿ ಗ್ರಾಹಕರೊಬ್ಬರ ನಂಬರೂ ಇರಲಿಲ್ಲ.

ಈಗ ನಮ್ಮ ಸೈಟು ಬಿಟ್ಟಲ್ಲಿಂದ ಮುಂದುವರಿಸುತ್ತದೆ. ದೂರು ನಿಂತಿದೆ, ಫೋನೂ ನಿಂತಿದೆ. ಮೊನ್ನೆ ಕ್ಯಾಂಟೀನಿನಲ್ಲಿ ರಾಯರು ಗೊಣಗಿದರು: "ಶಿರಸಿಯವರ ಮಗಳು ಪಿಯುಸಿ ಪಾಸಾದಳೋ ಇಲ್ಲವೋ, ಕೇಳೋಣ ಅಂದ್ರೆ ಒಂದು ಎರರ್ರೂ ಬರ್ತಿಲ್ಲವಲ್ಲಪ್ಪಾ."