ಒಟಿಪಿ ಕೊಡಬೇಡಿ, ಉಳಿದದ್ದೆಲ್ಲ ಕೊಡಿ

ಪ್ರತಿ ತಿಂಗಳ ಮೊದಲ ಬುಧವಾರ ವಿಶ್ವವಿದ್ಯಾಲಯಗಳೂ ಕಾಲೇಜುಗಳೂ ‘ಸೈಬರ್ ಜಾಗರೂಕತಾ ದಿವಸ’ ಆಚರಿಸಬೇಕೆಂದು ಯುಜಿಸಿ ಸೂಚಿಸಿದೆ. ನಾವು ಶಿರಸಾವಹಿಸಿ ಪಾಲಿಸುತ್ತೇವೆ. ಬುಧವಾರ ಹನ್ನೊಂದು ಗಂಟೆಯಿಂದ ಫ್ಲೆಕ್ಸ್ ಇಳಿಸುವ ತನಕ ಇಡೀ ಕ್ಯಾಂಪಸ್ ಜಾಗರೂಕವಾಗಿರುತ್ತದೆ. ದೀಪ ಬೆಳಗುತ್ತದೆ, ನಾಡಗೀತೆಯಾಗುತ್ತದೆ, ನ್ಯಾಕ್ ಮಾನ್ಯತೆಯ ಕಡತಕ್ಕೆ ಜಿಯೋಟ್ಯಾಗ್ ಫೋಟೋ ಸೇರುತ್ತದೆ. ಮಿಕ್ಕ ದಿನಗಳನ್ನು ಸೈಬರ್ ಕಳ್ಳರಿಗೆ ಬಿಟ್ಟುಕೊಟ್ಟಿದ್ದೇವೆ, ಅವರೂ ಬದುಕಬೇಕಲ್ಲ.

ಈ ಸಲದ ಕಾರ್ಯಾಗಾರದಲ್ಲಿ ಸಂಪನ್ಮೂಲ ವ್ಯಕ್ತಿಗಳು ಎರಡು ತಾಸು ಹೇಳಿದ್ದು ಒಂದೇ ಮಾತು: “ಯಾರು ಕೇಳಿದರೂ ನಿಮ್ಮ ಮಾಹಿತಿ ಕೊಡಬೇಡಿ.” ಇದನ್ನು ಕೇಳಿ ಪ್ರಮಾಣಪತ್ರ ಪಡೆಯಬೇಕಾದರೆ ಗೂಗಲ್ ಫಾರಂ ತುಂಬಬೇಕಿತ್ತು. ಹೆಸರು, ತಾಯಿಯ ಹೆಸರು, ಹುಟ್ಟಿದ ದಿನಾಂಕ, ಮೊಬೈಲ್, ಜಾತಿ, ಆಧಾರ್ ಕಾರ್ಡಿನ ಎರಡೂ ಬದಿಯ ಪ್ರತಿ. ಎಲ್ಲದರ ಪಕ್ಕದಲ್ಲೂ ಕಡ್ಡಾಯದ ಕೆಂಪು ನಕ್ಷತ್ರ. ಕೊನೆಗೆ ಒಬ್ಬ ವಿದ್ಯಾರ್ಥಿನಿ ಎದ್ದು, “ಸರ್, ಈ ಕಾರ್ಯಾಗಾರಕ್ಕೆ ಆಧಾರ್ ಯಾಕೆ?” ಎಂದಳು. ವೇದಿಕೆಯ ಮೇಲಿದ್ದವರು ಮುಖ ಮುಖ ನೋಡಿಕೊಂಡರು. ಸಮಯದ ಅಭಾವದಿಂದ ಪ್ರಶ್ನೋತ್ತರ ನಿಂತಿತು, ವಂದನಾರ್ಪಣೆ ಶುರುವಾಯಿತು. ಆ ಸಭಾಂಗಣದಲ್ಲಿ ಸೈಬರ್ ಭದ್ರತೆ ಅರ್ಥವಾಗಿದ್ದವಳು ಅವಳೊಬ್ಬಳೇ. ಪ್ರಮಾಣಪತ್ರ ಸಿಗದವಳೂ ಅವಳೊಬ್ಬಳೇ. ಆಧಾರ್ ಹಾಕದ ಕಾರಣ ಫಾರಂ ಅಪೂರ್ಣ.

ಮೇಲಿನವರು ಕೇಳಿದ್ದನ್ನು ಕೊಡು, ಯಾಕೆಂದು ಕೇಳಬೇಡ. ಅವಳೊಬ್ಬಳನ್ನು ಬಿಟ್ಟರೆ ಯಾರೂ ಫೇಲಾಗದ ನಮ್ಮ ಏಕೈಕ ಕಡ್ಡಾಯ ಪೇಪರ್ ಇದು.

ವಿದ್ಯಾರ್ಥಿಗಳಿಗೆ ಇದರ ಅಭ್ಯಾಸ ಪ್ರವೇಶದ ದಿನವೇ ಆರಂಭ. ಪೋರ್ಟಲ್‌ಗೆ ರಿಜಿಸ್ಟರ್ ನಂಬರೇ ಐಡಿ, ಹುಟ್ಟಿದ ದಿನಾಂಕವೇ ಪಾಸ್‌ವರ್ಡ್. ಮರೆತರೆ ಗಾಬರಿ ಬೇಡ, ವಿಭಾಗದ ನೋಟಿಸ್ ಬೋರ್ಡಿನಲ್ಲಿ ಎರಡನ್ನೂ ಮೊಬೈಲ್ ನಂಬರ್ ಸಮೇತ ಅಂಟಿಸಿದ್ದಾರೆ. ಬೋರ್ಡಿನವರೆಗೆ ನಡೆಯಲು ಬೇಸರವೇ? ಅದೇ ಎಕ್ಸೆಲ್ ವಾಟ್ಸ್‌ಆ್ಯಪ್ ಗ್ರೂಪಿನಲ್ಲೂ ಇದೆ. ಇನ್ನು ಗೇಟಿನೆದುರಿನ ಜೆರಾಕ್ಸ್ ಅಂಗಡಿಗೆ ಹೋಗಿ, ಅಲ್ಲಿನ ಕಂಪ್ಯೂಟರ್ ನೋಡಿ. ಡೆಸ್ಕ್‌ಟಾಪಿನ ಮೇಲೆ ‘ನ್ಯೂ ಫೋಲ್ಡರ್ (14)’. ಒಳಗೆ ಸ್ಕಾಲರ್‌ಶಿಪ್ ಅರ್ಜಿಗೆಂದು ತಂದ ಆಧಾರ್, ಆದಾಯ ಪ್ರಮಾಣಪತ್ರ, ಪಾಸ್‌ಬುಕ್ಕಿನ ಮೊದಲ ಪುಟ, ಸಹಿ. ಪಕ್ಕದ ಟ್ಯಾಬಿನಲ್ಲಿ ಯಾರೋ ಲಾಗ್‌ಔಟ್ ಮಾಡದೆ ಹೋದ ವಾಟ್ಸ್‌ಆ್ಯಪ್ ವೆಬ್. ಕುಲಸಚಿವರ ಕಚೇರಿಯಲ್ಲಿ ಸಿಗದ ದಾಖಲೆ ಇಲ್ಲಿ ಎರಡು ರೂಪಾಯಿಗೆ ಸಿಗುತ್ತದೆ.

ಅಧ್ಯಾಪಕರು ಓದಿದವರು. ಹೀಗಾಗಿ ಅವರು ಕಂಡಕಂಡವರಿಗೆಲ್ಲ ಮೋಸಹೋಗುವುದಿಲ್ಲ. ಕುಲಪತಿಗಳ ಫೋಟೋ ಹಾಕಿಕೊಂಡ ಹೊಸ ನಂಬರಿಗೆ ಮಾತ್ರ. “ಮೀಟಿಂಗಿನಲ್ಲಿದ್ದೇನೆ, ಫೋನ್ ಮಾಡಬೇಡಿ. ತುರ್ತಾಗಿ ಗಿಫ್ಟ್ ಕಾರ್ಡ್ ಕೊಂಡು ಕೋಡ್ ಕಳಿಸಿ.” ಸಂಶಯ ಬರುವುದಿಲ್ಲವೆಂದಲ್ಲ. ಆದರೆ ಸಾಹೇಬರಿಗೇ ಫೋನ್ ಹಚ್ಚಿ, “ಇದು ತಾವೇನಾ ಸರ್?” ಎನ್ನುವ ಎದೆಗಾರಿಕೆ, ಬಡ್ತಿಯ ಕಡತ ಮೇಜಿನ ಮೇಲಿರುವಾಗ, ಯಾರಿಗಿದೆ? ಕಳ್ಳ ಹ್ಯಾಕಿಂಗ್ ಏನೂ ಕಲಿತಿಲ್ಲ. ನಮ್ಮ ಆಡಳಿತ ಪದ್ಧತಿಯನ್ನು ಶ್ರದ್ಧೆಯಿಂದ ಅಧ್ಯಯನ ಮಾಡಿದ್ದಾನೆ, ಅಷ್ಟೆ.

ಹಾಗೆಂದು ನಮಗೆ ಖಾಸಗಿತನದ ಬೆಲೆ ಗೊತ್ತಿಲ್ಲ ಎನ್ನಬೇಡಿ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರ ಮೊಕದ್ದಮೆಯಲ್ಲೇ ಅಲ್ಲವೇ, 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಖಾಸಗಿತನ ಮೂಲಭೂತ ಹಕ್ಕೆಂದು ಸಾರಿದ್ದು? ಕಾನೂನು ವಿಭಾಗದಲ್ಲಿ ಅದು ಹತ್ತು ಅಂಕದ ಪ್ರಶ್ನೆ. 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯೂ ಬಂತು, 250 ಕೋಟಿ ರೂಪಾಯಿವರೆಗಿನ ದಂಡದ ಸಮೇತ. ಇಡೀ ಕಾಯ್ದೆಯಲ್ಲಿ ನಮ್ಮ ಕಚೇರಿಗಳ ಮನಸ್ಸು ಗೆದ್ದದ್ದು ಮಾತ್ರ 44(3)ನೇ ಸೆಕ್ಷನ್. ಮಾಹಿತಿ ಹಕ್ಕು ಕಾಯ್ದೆಯ 8(1)(ಜೆ) ಕಲಮನ್ನು ತಿದ್ದಿ, ‘ವೈಯಕ್ತಿಕ’ ಎಂಬ ನೆಪದಲ್ಲಿ ಮಾಹಿತಿ ನಿರಾಕರಿಸುವ ದಾರಿಯನ್ನು ಅಗಲ ಮಾಡಿದ್ದು ಅದೇ. ನೇಮಕಾತಿಯಲ್ಲಿ ಯಾರಿಗೆಷ್ಟು ಅಂಕ ಬಂತೆಂದು ಕೇಳಿ ನೋಡಿ, “ವೈಯಕ್ತಿಕ ಮಾಹಿತಿ, ನೀಡಲು ಬರುವುದಿಲ್ಲ.” ಹುಡುಗಿಯರ ಮೊಬೈಲ್ ನಂಬರ್ ಬೋರ್ಡಿನಲ್ಲಿ, ಸಂದರ್ಶನದ ಅಂಕ ಬೀರುವಿನಲ್ಲಿ. ದತ್ತಾಂಶ ರಕ್ಷಣೆ ಎಂದರೆ ಇದು.

ಇಷ್ಟಾದ ಮೇಲೂ ಖಾತೆಯಿಂದ ಹಣ ಹೋಯಿತೆನ್ನಿ. ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು. ಬೇಗ ಮಾಡಿದಷ್ಟೂ ಹಣ ತಡೆಹಿಡಿಯುವ ಸಾಧ್ಯತೆ ಹೆಚ್ಚು. ನಮ್ಮ ಸರ್ವರ್‌ಗೇ ಕನ್ನ ಬಿದ್ದರೆ, 2022ರ ನಿರ್ದೇಶನದಂತೆ ಆರು ಗಂಟೆಯೊಳಗೆ ಕೇಂದ್ರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್‌ಗೆ ವರದಿ ಹೋಗಬೇಕು. ಆರು ಗಂಟೆಯಲ್ಲಿ ನಮ್ಮ ಪತ್ರಕ್ಕೆ ಟಪಾಲು ಶಾಖೆಯ ಸೀಲೂ ಬಿದ್ದಿರುವುದಿಲ್ಲ. ಮೊದಲು ವಿಭಾಗದ ಮುಖ್ಯಸ್ಥರ ಮುಖಾಂತರ ಬರಬೇಕು, ಅವರು ರಜೆಯ ಮೇಲಿರುತ್ತಾರೆ. ಅಷ್ಟರಲ್ಲಿ ಹಣ ನಾಲ್ಕು ಖಾತೆ ದಾಟಿ ನಾಲ್ಕು ರಾಜ್ಯ ಸುತ್ತಿರುತ್ತದೆ. ಕಳ್ಳರ ಜಾಲದಲ್ಲಿ ‘ಥ್ರೂ ಪ್ರಾಪರ್ ಚಾನೆಲ್’ ಇನ್ನೂ ಜಾರಿಗೆ ಬಂದಿಲ್ಲ, ಅದೇ ಅವರ ಬಲ. ಪೊಲೀಸರು ಹೆಚ್ಚೇನೂ ಶ್ರಮಪಡುವುದು ಬೇಡ. ನಮ್ಮ ಕುಲಸಚಿವರೊಬ್ಬರನ್ನು ಆ ಜಾಲಕ್ಕೆ ಒಂದು ವರ್ಷ ಡೆಪ್ಯುಟೇಶನ್ ಮೇಲೆ ಕಳಿಸಿದರೆ ಸಾಕು.